ಏಳನೇ ನಂಬರಿನವನ ದಂಡ

ಅವಸರಪ್ಪ ಎಂಬುದು ಅವನ ಹೆಸರಲ್ಲ, ಲಿಫ್ಟ್ ರಿಪೇರಿ ಕಂಪನಿಯ ಮೇಸ್ತ್ರಿ ಇಟ್ಟದ್ದು. ಅದು ಎಷ್ಟು ಸರಿಯಾಗಿ ಕೂತಿತೆಂದರೆ ಅವನ ಸ್ವಂತ ಅಕ್ಕನೇ ಆಮೇಲೆ ಹಾಗೆ ಕರೆಯತೊಡಗಿದಳು. ಹದಿನೇಳನೆಯ ವಯಸ್ಸಿಗೆ ಲಿಫ್ಟು ಜಾರುವ ಕಂಬಿಗಳಿಗೆ ಗ್ರೀಸ್ ಹಚ್ಚುವ ಕೆಲಸಕ್ಕೆ ಸೇರಿದವನು ಮೊದಲ ದಿನವೇ ಡಬ್ಬದ ಮುಚ್ಚಳ ಬಿಚ್ಚದೆ ಬ್ರಷ್ ಅದ್ದಲು ಹೋಗಿದ್ದನಂತೆ. ಊಟ ನಿಂತುಕೊಂಡು, ಸ್ನಾನ ಎರಡು ನಿಮಿಷದಲ್ಲಿ, ಸಿನಿಮಾ ಮುಗಿಯುವ ಮೊದಲೇ ಬಾಗಿಲ ಹತ್ತಿರ. ಮದುವೆಯೊಂದು ಮಾತ್ರ ಅವಸರದಲ್ಲಿ ಆಗಲಿಲ್ಲ, ಆಗಲೇ ಇಲ್ಲ. ನಲವತ್ತೊಂದಾದರೂ ಅಕ್ಕನ ಜೊತೆ, ನಾಲ್ಕನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿದ್ದ. ಲಿಫ್ಟ್ ರಿಪೇರಿಯವನ ಕಟ್ಟಡಕ್ಕೆ ಲಿಫ್ಟ್ ಇಲ್ಲ ಎಂದು ಎಲ್ಲರೂ ನಕ್ಕಾಗಿದೆ. ನೀವೂ ಒಮ್ಮೆ ನಕ್ಕುಬಿಡಿ, ಮುಂದೆ ನಗುವ ಸಂದರ್ಭ ಕಡಿಮೆ.

ಅವನ ಜೊತೆಗಾರನಿಗೆ ನಿಧಾನಿ ಎಂದು ಹೆಸರಿಟ್ಟವರೂ ಅದೇ ಮೇಸ್ತ್ರಿ. ಇವನಿಗಿಂತ ಎರಡು ವರ್ಷ ದೊಡ್ಡವನು. ಒಂದು ಸ್ಕ್ರೂ ಬಿಚ್ಚಿದರೆ ಅದನ್ನು ಒರೆಸಿ, ಬಟ್ಟೆಯ ಮೇಲೆ ಮಲಗಿಸಿ, ಆಮೇಲೆ ಎರಡನೆಯದಕ್ಕೆ ಕೈ ಹಾಕುವ ಜಾತಿ. ಏನು ಕೇಳಿದರೂ ಒಂದು ಉಸಿರು ಬಿಟ್ಟು ಉತ್ತರ ಕೊಡುವವನು. ಇಬ್ಬರನ್ನೂ ಮೇಸ್ತ್ರಿ ಬೇಕೆಂದೇ ಜೋಡಿ ಹಾಕಿದ್ದರು. ಹದಿನಾಲ್ಕು ವರ್ಷ ಒಂದೇ ಚೀಲದ ಸ್ಪ್ಯಾನರು ಹಿಡಿದರು. ನಿಧಾನಿಯ ಹೆಂಡತಿಯನ್ನು ಇವನು ಅತ್ತಿಗೆ ಎಂದೇ ಕರೆಯುತ್ತಿದ್ದ.

ಆ ಕೆಲಸದಲ್ಲಿ ಒಂದು ಕಟ್ಟುಪಾಡಿದೆ. ಒಬ್ಬ ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ, ಲಿಫ್ಟು ಓಡಾಡುವ ಕತ್ತಲ ಬಾವಿಯೊಳಗೆ ನಿಂತಿರುತ್ತಾನೆ; ಇನ್ನೊಬ್ಬ ಎಲ್ಲಕ್ಕಿಂತ ಮೇಲೆ ಯಂತ್ರದ ಕೋಣೆಯಲ್ಲಿ. ಕೆಳಗಿನವನು ಮೊದಲು ಕೆಂಪು ಗುಂಡಿ ಒತ್ತಬೇಕು. ಒತ್ತಿದರೆ ಪೆಟ್ಟಿಗೆ ಯಾರು ಏನೇ ಮಾಡಿದರೂ ಕದಲುವುದಿಲ್ಲ. ಒತ್ತಿದ ಮೇಲೆ ಸ್ಪ್ಯಾನರಿನಿಂದ ಕಂಬಿಯ ಮೇಲೆ ಎರಡು ಸಲ ತಟ್ಟಬೇಕು. ಇಪ್ಪತ್ತು ಮಹಡಿಯಾದರೂ ಸದ್ದು ಕಂಬಿಯಲ್ಲಿ ಏರಿ ಹೋಗುತ್ತದೆ. ಮೇಲಿನವನು ಅದನ್ನು ಕೇಳಿ, ತಾನೂ ಎರಡು ಸಲ ತಟ್ಟಿ, ಆಮೇಲೆ ಕರೆಂಟು ಹಾಕುತ್ತಾನೆ. ಮೊಬೈಲು ಬಂದು ಎಷ್ಟೋ ಕಾಲವಾಯಿತು, ಬಾವಿಯೊಳಗೆ ಸಿಗ್ನಲ್ ಮಾತ್ರ ಬಂದಿಲ್ಲ. ಹಾಗಾಗಿ ಈ ತಟ್ಟುವಿಕೆಯ ಮೇಲೆಯೇ ಅವರ ಜೀವ ನಿಂತಿದೆ.

ಅವಸರಪ್ಪ ಒತ್ತುವ ಮೊದಲೇ ತಟ್ಟುತ್ತಿದ್ದ. ತಟ್ಟಿ, ಮೇಲಿನಿಂದ ಉತ್ತರ ಬರುವಷ್ಟರಲ್ಲಿ ಒತ್ತಿದರಾಯಿತು, ಹತ್ತು ಸೆಕೆಂಡು ಉಳಿಯಿತಲ್ಲ ಎಂಬ ಲೆಕ್ಕ. ಎಷ್ಟೋ ವರ್ಷ ಹಾಗೆಯೇ ನಡೆಯಿತು, ಯಾರಿಗೂ ಗೊತ್ತಾಗಲಿಲ್ಲ. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ತಟ್ಟಿದ ಮೇಲೆ ಟಾರ್ಚು ಕೈಜಾರಿತು. ಅದನ್ನು ಹಿಡಿಯಲು ಬಗ್ಗಿದ. ಮೇಲಿನಿಂದ ಎರಡು ತಟ್ಟು ಬಂತು, ಪೆಟ್ಟಿಗೆ ಮೇಲೇರಿತು, ಸೊಂಟ ತೊಲೆಗೆ ಸಿಕ್ಕಿತು. ಕೆಂಪು ಗುಂಡಿಯನ್ನು ಅವನು ಒತ್ತಿದ್ದು ಆಗ, ಮೂಳೆ ಮುರಿದ ಮೇಲೆ.

ಆಸ್ಪತ್ರೆಗೆ ವಿಚಾರಣೆಯ ಅಧಿಕಾರಿ ಬಂದಾಗ ನಿಧಾನಿ ಆಗಲೇ ತನ್ನ ಹೇಳಿಕೆ ಕೊಟ್ಟಿದ್ದ: ಎರಡು ಸಲ ತಟ್ಟಿದ್ದು ಕೇಳಿಸಿತು, ಆಮೇಲೇ ಕರೆಂಟು ಹಾಕಿದೆ. ಆದರೆ ಅಪಘಾತವಾದ ಮೇಲೆ ಅಧಿಕಾರಿ ಹೋಗಿ ನೋಡಿದಾಗ ಕೆಂಪು ಗುಂಡಿ ಒತ್ತಿಯೇ ಇತ್ತು. ಒತ್ತಿ ತಟ್ಟಿದ್ದರೆ ಪೆಟ್ಟಿಗೆ ಏಳುವಂತಿರಲಿಲ್ಲ. ಅಂದರೆ ಅವಸರಪ್ಪ ಒತ್ತುವ, ತಟ್ಟುವ ಮೊದಲೇ ನಿಧಾನಿ ಕರೆಂಟು ಹಾಕಿರಬೇಕು ಎಂಬುದು ಅವರ ಅನುಮಾನ.

"ನೀವು ತಟ್ಟಿದ್ರಾ?" ಎಂದು ಕೇಳಿದರು.

"ನೆನಪಿಲ್ಲ ಸಾರ್," ಎಂದ ಅವಸರಪ್ಪ.

ಅವನಿಗೆ ಎಲ್ಲ ನೆನಪಿತ್ತು. ಟಾರ್ಚು ಬಿದ್ದ ಸದ್ದು ಕೂಡ ನೆನಪಿತ್ತು. ಆದರೆ ತಪ್ಪು ತನ್ನದೆಂದರೆ ಮನೆಯಲ್ಲಿ ಮಲಗಿದ ತಿಂಗಳುಗಳ ಸಂಬಳ ನಿಲ್ಲುತ್ತದೆ, ಮತ್ತೆ ನಡೆಯುವಂತಾದರೂ ಲೈಸೆನ್ಸು ಕೈಗೆ ಬರುವುದಿಲ್ಲ. ಸುಳ್ಳು ಹೇಳಲಿಲ್ಲವಲ್ಲ, ನೆನಪಿಲ್ಲ ಎಂದೆ ಅಷ್ಟೆ, ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಸಮಾಧಾನ ಮಾಡಿಕೊಂಡ. ಹೇಡಿತನಕ್ಕೆ ಮನುಷ್ಯ ಎಷ್ಟು ಬೇಗ ಒಳ್ಳೆಯ ಬಟ್ಟೆ ಹೊಲಿಸಿಬಿಡುತ್ತಾನೆ ನೋಡಿ.

ನಿಧಾನಿಯ ಲೈಸೆನ್ಸು ಅಮಾನತಾಯಿತು. ಅವನನ್ನು ಸ್ಟೋರಿನಲ್ಲಿ ಬೋಲ್ಟು ಎಣಿಸಲು ಕೂರಿಸಿದರು. ತಟ್ಟಿದವನಿಗೇ ನೆನಪಿಲ್ಲ ಎಂದ ಮೇಲೆ ಅವನಿಗೆ ತನ್ನ ಕಿವಿಯ ಮೇಲೆಯೇ ಗುಮಾನಿ ಶುರುವಾಯಿತು. ಅತ್ತಿಗೆ ಪ್ರತಿ ಬುಧವಾರ ಊಟದ ಡಬ್ಬಿ ಹಿಡಿದು ನಾಲ್ಕು ಮಹಡಿ ಹತ್ತಿ ಬರತೊಡಗಿದಳು. ಬಂದವಳು ಸುಮ್ಮನೆ ಕೂರದೆ ನೆಲ ಒರೆಸುತ್ತಿದ್ದಳು, ಇವನ ಬಟ್ಟೆ ಒಗೆದು ಹಾಕುತ್ತಿದ್ದಳು. ಗಂಡ ಮಾಡಿದ ತಪ್ಪಿಗೆ ತನ್ನ ಕೈಲಾದ ತಪ್ಪುಕಾಣಿಕೆ.

"ಆ ಡಬ್ಬಿ ಊಟ ಮಾಡೋವಾಗ ನೀನ್ಯಾಕೋ ಗೋಡೆ ನೋಡ್ತೀಯ?" ಎಂದು ಅಕ್ಕ ಒಮ್ಮೆ ಕೇಳಿದಳು. ಅವಳು ದರ್ಜಿ ಅಂಗಡಿಯಲ್ಲಿ ಗುಂಡಿ ಹೊಲಿಯುವವಳು, ಸಣ್ಣದೆಲ್ಲ ಅವಳ ಕಣ್ಣಿಗೆ ಬೀಳುತ್ತದೆ.

"ಉಪ್ಪು ಜಾಸ್ತಿ," ಎಂದ.

"ಉಪ್ಪು ತಿಂದೋರು ನೀರು ಕುಡೀಲೇಬೇಕು," ಎಂದು ಅಕ್ಕ ಒಳಗೆ ಹೋದಳು. ಅವಳು ಸುಮ್ಮನೆ ಗಾದೆ ಹೇಳಿದ್ದೋ ಬೇಕೆಂದೇ ಹೇಳಿದ್ದೋ, ಅವಸರಪ್ಪ ಮಾತ್ರ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಂಡ.

ಮಲಗಿದವನಿಗೆ ಹೊರಜಗತ್ತು ಎಂದು ಉಳಿದದ್ದು ಒಂದೇ, ಮೇಸ್ತ್ರಿ ಕಟ್ಟಿದ ಆಟದ ಲೀಗು. ನಾಲ್ಕು ವರ್ಷದ ಹಿಂದೆ ಮೇಸ್ತ್ರಿ ಯಾರೋ ಮಾರಿದ, ಟೀವಿಗೆ ಸಿಕ್ಕಿಸುವ ಹಳೆಯ ಗೇಮ್ ಪೆಟ್ಟಿಗೆ ಕೊಂಡಿದ್ದರು. ಅದರೊಳಗೆ ಸಿಕ್ಕಿಕೊಂಡಿದ್ದ ಒಂದೇ ಡಿಸ್ಕು ಅಮೆರಿಕನ್ ಫುಟ್‌ಬಾಲಿನದು. ಫುಟ್‌ಬಾಲು ಎಂಬ ಹೆಸರು, ಚೆಂಡನ್ನು ಕಾಲಿನಿಂದ ಮುಟ್ಟುವುದು ಅಪರೂಪ. ಹೆಲ್ಮೆಟ್ಟು ಹಾಕಿಕೊಂಡವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಮೊದಲು ಬೈದುಕೊಂಡು ಆಡಿದರು, ಆಮೇಲೆ ಹುಚ್ಚು ಹತ್ತಿತು, ಒಂಬತ್ತು ಜನ ಮೆಕ್ಯಾನಿಕ್ಕುಗಳು ತಲೆಗೊಂದು ಅಂಥದೇ ಹಳೆಯ ಪೆಟ್ಟಿಗೆ ಕೊಂಡು, ಇಂಟರ್‌ನೆಟ್ಟಿಗೆ ಜೋಡಿಸಿ, ಒಂಬತ್ತು ತಂಡ ಹಿಡಿದರು. ಪ್ರತಿ ಭಾನುವಾರ ಮಧ್ಯಾಹ್ನ ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಹೆಡ್‌ಫೋನು ಸಿಕ್ಕಿಸಿಕೊಂಡು ಕೂರುತ್ತಿದ್ದರು. ಆಟದ ಒಂದು ವರ್ಷವೆಂದರೆ ನಮ್ಮ ಮೂರು ತಿಂಗಳು.

ಅವಸರಪ್ಪ ಆಸ್ಪತ್ರೆಯಿಂದ ಬಂದ ತಿಂಗಳೇ ಮೇಸ್ತ್ರಿ ಆಟದಲ್ಲಿ ಸಂಬಳದ ಮಿತಿ ಜಾರಿಗೆ ತಂದರು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ತಂಡ ವರ್ಷಕ್ಕೆ ಆಟಗಾರರ ಮೇಲೆ ನೂರಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ ಎಂದಿಟ್ಟುಕೊಳ್ಳಿ. ಒಳ್ಳೆಯ ಆಟಗಾರ ಸಂಬಳವಲ್ಲದೆ ಕೈಗೊಂದು ಮುಂಗಡ ಕೇಳುತ್ತಾನೆ. ಐದು ವರ್ಷದ ಕರಾರಿಗೆ ಐವತ್ತು ಮುಂಗಡ ಕೊಟ್ಟರೆ ಆಟ ಅದನ್ನು ಒಮ್ಮೆಲೇ ಎಣಿಸದೆ ವರ್ಷಕ್ಕೆ ಹತ್ತರಂತೆ ಹಂಚುತ್ತದೆ. ಎಷ್ಟು ಅನುಕೂಲ! ಆದರೆ ಅವನನ್ನು ನಡುವೆ ಕೈಬಿಟ್ಟರೆ ಎಣಿಸದೆ ಉಳಿದ ಮುಂಗಡವೆಲ್ಲ ಅದೇ ವರ್ಷದ ಲೆಕ್ಕಕ್ಕೆ ಬಂದು ಬೀಳುತ್ತದೆ. ಅದಕ್ಕೆ ಅವರು ದಂಡ ಎನ್ನುತ್ತಿದ್ದರು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಹಾಸಿಗೆಯಲ್ಲೇ ಇದ್ದ ಅವಸರಪ್ಪನಿಗೆ ಹೊಳೆಯಲಿಲ್ಲ. ಚೆಂಡೆಸೆಯುವ ಏಳನೇ ನಂಬರಿನವನೊಬ್ಬ ಆಟದ ಮಾರುಕಟ್ಟೆಗೆ ಬಂದ. ಐವತ್ತು ಮುಂಗಡ, ವರ್ಷಕ್ಕೆ ಹದಿನಾಲ್ಕು ಸಂಬಳ. ಮೂಗಿಗಿಂತ ಮೂಗುತಿ ಭಾರ ಎಂದು ನಿಧಾನಿ ಅಂದ; ಇವನು ಅಷ್ಟರಲ್ಲಿ ಸಹಿ ಹಾಕಿಯಾಗಿತ್ತು. ಮೊದಲ ವರ್ಷ ಲೀಗಿನ ಕಪ್ ಗೆದ್ದಾಯಿತು. ಎರಡನೇ ವರ್ಷ ಏಳನೇ ನಂಬರಿನವನ ಭುಜ ಹೋಯಿತು. ಮೂರನೇ ವರ್ಷ ಶುರುವಾಗುವ ಹೊತ್ತಿಗೆ ತಂಡದ ಲೆಕ್ಕ ನೂರಾ ಹದಿನೆಂಟಕ್ಕೆ ನಿಂತಿತ್ತು. ಅವನನ್ನು ಇಟ್ಟುಕೊಂಡರೆ ಇಪ್ಪತ್ತನಾಲ್ಕು, ಬಿಟ್ಟರೆ ಮೂವತ್ತು ದಂಡ. ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ.

ಮೇಸ್ತ್ರಿಯ ನಿಯಮ ಖಡಕ್ಕು. ಭಾನುವಾರ ನಾಲ್ಕು ಗಂಟೆಯೊಳಗೆ ನೂರಕ್ಕೆ ಇಳಿಯದ ತಂಡ ಕಂಪ್ಯೂಟರಿಗೆ. ಮಾಲೀಕ ಎರಡು ವರ್ಷ ಲೀಗಿನಿಂದ ಹೊರಗೆ. ಎರಡು ವರ್ಷವೆಂದರೆ ಆರು ತಿಂಗಳು ಆ ಎಂಟು ಧ್ವನಿಗಳಿಲ್ಲದೆ ಗೋಡೆ ನೋಡಿಕೊಂಡು ಬಿದ್ದಿರುವುದು. ಅವಸರಪ್ಪನಿಗೆ ನಿಜವಾಗಿ ಭಯವಾಯಿತು.

ಅವನಿಗೆ ಹೊಳೆದ ಉಪಾಯ ಒಂದೇ. ಏಳನೇ ನಂಬರಿನವನನ್ನು ಇನ್ನೊಂದು ತಂಡಕ್ಕೆ ದಾಟಿಸಿದರೆ ದಂಡವೂ ಅವನ ಬೆನ್ನಿಗೇ ಹೋಗುತ್ತದೆ, ತನ್ನ ಲೆಕ್ಕ ತೊಂಬತ್ತನಾಲ್ಕಕ್ಕೆ ಇಳಿಯುತ್ತದೆ. ಲೆಕ್ಕದಲ್ಲಿ ಜಾಗವಿದ್ದದ್ದು ಒಬ್ಬನ ತಂಡದಲ್ಲಿ ಮಾತ್ರ. ಅವನು ಯಾರೆಂದು ಹೇಳಬೇಕಾಗಿಲ್ಲ. ಮುಂಗಡ ಕೊಡುವ ಮೊದಲು ಮೂರು ದಿನ ಯೋಚಿಸುವವನ ಹತ್ತಿರವಲ್ಲದೆ ಇನ್ಯಾರ ಹತ್ತಿರ ಉಳಿತಾಯವಿರುತ್ತದೆ?

ಭಾನುವಾರ ಮೂರು ಗಂಟೆಗೆ ಎಲ್ಲರೂ ಕೇಳುತ್ತಿರುವಾಗಲೇ ಅವಸರಪ್ಪ ಕೇಳಿದ: "ಏಳನೇ ನಂಬರನ್ನ ತಗೋತೀಯಾ?"

"ಇನ್ನೊಂದು ಸಲ ಹೇಳು," ಎಂದ ನಿಧಾನಿ. ಈ ಎಂಟು ತಿಂಗಳಲ್ಲಿ ಅವನಿಗೆ ಅದೊಂದು ಅಭ್ಯಾಸವಾಗಿತ್ತು. ಯಾವ ಮಾತನ್ನೂ ಎರಡು ಸಲ ಹೇಳಿಸಿಕೊಳ್ಳದೆ ನಂಬುತ್ತಿರಲಿಲ್ಲ.

ಹೇಳಿದ.

"ಅವನ ಭುಜ ಹೋಗಿದೆ ಕಣೋ," ಎಂದರು ಮೇಸ್ತ್ರಿ ನಡುವೆ ಬಾಯಿ ಹಾಕಿ. "ಹೋಗಿ ಹೋಗಿ ನಿಧಾನಿ ತಲೆಗೆ ಕಟ್ತೀಯಲ್ಲ."

"ಪರವಾಗಿಲ್ಲ, ಕಳಿಸು," ಎಂದ ನಿಧಾನಿ. "ನಿನಗೆ ಸಹಾಯ ಆಗೋದಾದ್ರೆ ಆಗಲಿ."

ಪರದೆಯ ಮೇಲೆ ಎರಡು ಪುಟದ ಒಪ್ಪಂದ ಬಂತು. ಅವಸರಪ್ಪ ಮೊದಲನೆಯದನ್ನು ಓದಿದ, ಎರಡನೆಯದನ್ನು ಓದದೆ ಒತ್ತಿದ. ಏಳನೇ ನಂಬರಿನವನು ಪಟ್ಟಿಯಿಂದ ಮಾಯವಾದ. ಮೂಲೆಯಲ್ಲಿ ಲೆಕ್ಕ ಒಂದು ಕ್ಷಣ ತೊಂಬತ್ತನಾಲ್ಕಾಯಿತು, ಆಮೇಲೆ ಕೆಂಪಾಗಿ ನೂರಾ ಇಪ್ಪತ್ತನಾಲ್ಕಕ್ಕೆ ಹಾರಿತು.

"ಇದೇನಿದು? ಅವನು ನಿನ್ನ ತಂಡಕ್ಕೆ ಬಂದ ತಾನೇ? ದಂಡ ಇಲ್ಲೇ ಯಾಕೆ ಕೂತಿದೆ?"

ನಿಧಾನಿ ಒಂದು ಉಸಿರು ಬಿಟ್ಟ. "ಆಟಗಾರ ಬರ್ತಾನೆ, ಅವನ ಸಂಬಳ ಬರುತ್ತೆ. ದಂಡ ಬರಲ್ಲ. ಮುಂಗಡಕ್ಕೆ ಯಾರು ಸಹಿ ಹಾಕಿದ್ರೋ ಅವರ ಹತ್ರಾನೇ ಉಳಿಯುತ್ತೆ. ಎರಡನೇ ಪುಟದಲ್ಲಿ ಬರ್ದಿದೆಯಲ್ಲ. ನಿನಗೆ ಗೊತ್ತಿದ್ದೇ ಕೇಳ್ತಿದೀಯ ಅಂದ್ಕೊಂಡೆ."

ಹೆಡ್‌ಫೋನಿನೊಳಗೆ ಏಳು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಡಬ್ಬದ ಮುಚ್ಚಳ ಈಗಲೂ ತೆಗೆಯೋದಿಲ್ಲ ಇವನು," ಎಂದರು ಮೇಸ್ತ್ರಿ. ನಿಧಾನಿಯ ಮಾತನ್ನು ಕೇಳಿದ ಕೂಡಲೇ ಅವಸರಪ್ಪನ ಕಣ್ಣು ತೆರೆಯಿತು ಎಂದು ನಾನು ಬರೆದರೆ ನೀವು ನಂಬಬೇಡಿ. ಆಗ ಅವನ ತಲೆಯಲ್ಲಿ ಇದ್ದದ್ದು ಮೂರೂ ಇಪ್ಪತ್ತು ತೋರಿಸುತ್ತಿದ್ದ ಗಡಿಯಾರ ಮಾತ್ರ.

ನಿಧಾನಿ ನಗಲಿಲ್ಲ. "ಗಾಬರಿ ಆಗ್ಬೇಡ, ಪಟ್ಟಿ ತೆಗಿ," ಎಂದ. "ಮುಂಗಡ ಇಲ್ಲದೋರನ್ನ ಮಾತ್ರ ನೋಡು. ಒಂದೇ ವರ್ಷದ ಕರಾರು ಇರೋರು. ಅವರನ್ನ ಬಿಟ್ರೆ ದಂಡ ಇರಲ್ಲ."

ಒಬ್ಬೊಬ್ಬರನ್ನೇ ಹುಡುಕಿದರು. ಚೆಂಡು ಹಿಡಿಯುವ ಇಬ್ಬರು, ಅಡ್ಡ ನಿಲ್ಲುವ ನಾಲ್ವರು, ಬೆಂಚಿನಲ್ಲೇ ಕೂತು ಸಂಬಳ ತಿನ್ನುತ್ತಿದ್ದ ಐವರು. ತಲೆಗೆ ಮೂರರಂತೆ ಹನ್ನೊಂದು ಜನ. ಪ್ರತಿಯೊಬ್ಬನ ಹೆಸರಿಗೂ ನಿಧಾನಿ ಎರಡನೇ ಪುಟ ಓದಿಸಿದ, ಓದಿದ್ದನ್ನು ಇನ್ನೊಂದು ಸಲ ಹೇಳಿಸಿಕೊಂಡ, ಆಮೇಲೇ ಒತ್ತು ಎಂದ. ತಾನು ಆ ಹೊತ್ತಿಗೆ ಆಡಬೇಕಾಗಿದ್ದ ಪಂದ್ಯವನ್ನು ಬಿಟ್ಟುಕೊಟ್ಟ. ತೊಂಬತ್ತೊಂದಕ್ಕೆ ಇಳಿಯಿತು. ಖಾಲಿ ಜಾಗಕ್ಕೆ ತಲೆಗೆ ಅರ್ಧದಂತೆ ಹನ್ನೊಂದು ಹೊಸಬರು. ತೊಂಬತ್ತಾರೂವರೆ. ನಾಲ್ಕಕ್ಕೆ ಇನ್ನೂ ಆರು ನಿಮಿಷವಿತ್ತು.

"ಈ ವರ್ಷ ಒಂದು ಪಂದ್ಯಾನೂ ಗೆಲ್ಲಲ್ಲ ನೀನು," ಎಂದ ನಿಧಾನಿ. "ಆದ್ರೆ ಲೀಗಲ್ಲಿ ಇರ್ತೀಯ. ಮುಂದಿನ ವರ್ಷ ದಂಡ ತೀರಿರುತ್ತೆ."

"ಬದುಕಿಸಿದೆ ಮಾರಾಯ," ಎಂದ ಅವಸರಪ್ಪ. ಆ ಮಾತು ಅವನ ಮನಸ್ಸಿನಿಂದಲೇ ಬಂದಿತ್ತು.

"ಇನ್ನೊಂದು ಸಲ ಹೇಳು? ಕೇಳಿಸ್ಲಿಲ್ಲ."

"ಬದುಕಿಸಿದೆ ಅಂದೆ."

"ಓ." ನಿಧಾನಿ ಸಣ್ಣಗೆ ನಕ್ಕ. "ತಪ್ಪು ತಿಳ್ಕೋಬೇಡ, ಈ ಕಿವೀನ ನಾನು ನಂಬೋದು ಬಿಟ್ಟಿದೀನಿ. ಅಂದಹಾಗೆ ಎಲ್ಲರೂ ಇದೀರಲ್ಲ, ಈಗಲೇ ಹೇಳ್ಬಿಡ್ತೀನಿ. ನಾಳೆ ವಿಚಾರಣೆ ಮುಗಿಸ್ತಾರಂತೆ. ಬೆಳಿಗ್ಗೆ ಹೋಗಿ ಬರ್ಕೊಡ್ತೀನಿ, ನಂಗೆ ತಟ್ಟಿದ್ದು ಕೇಳಿಸಿರ್ಲಿಲ್ಲ, ಕೇಳಿಸ್ದಂಗೆ ಭ್ರಮೆ ಆಗಿತ್ತು ಅಂತ. ಲೈಸೆನ್ಸ್ ಹೋದ್ರೆ ಹೋಗಲಿ. ಇವಳ ಅಣ್ಣನ ಗೋದಾಮಲ್ಲಿ ಕಾವಲು ಕೆಲಸ ಇದೆಯಂತೆ. ಯಾರದೋ ಸೊಂಟ ಮುರಿದ ಕೈಗೆ ಇನ್ಮೇಲೆ ಸ್ಪ್ಯಾನರ್ ಯಾಕೆ?"

ಇಪ್ಪತ್ತಾರು ವರ್ಷ ಕಂಬಿಗೆ ಕಿವಿ ಕೊಟ್ಟವನು ಗೋದಾಮಿನ ಬಾಗಿಲಲ್ಲಿ ಕೂರುತ್ತೇನೆ ಎನ್ನುತ್ತಿದ್ದ.

ಎಂಟು ತಿಂಗಳು ಅವಸರಪ್ಪ ತನಗೆ ತಾನೇ ಹೇಳಿಕೊಂಡದ್ದು, ವಿಚಾರಣೆ ಹೇಗೋ ತಾನಾಗಿ ಸತ್ತುಹೋಗುತ್ತದೆ, ನಿಧಾನಿಗೆ ಲೈಸೆನ್ಸು ಮರಳುತ್ತದೆ, ಯಾರಿಗೂ ಏನೂ ಆಗುವುದಿಲ್ಲ ಎಂದು. ಈಗ ಆ ಮನುಷ್ಯ ತಾನು ಮಾಡದ್ದನ್ನು ಮಾಡಿದೆನೆಂದು ಸ್ವಂತ ಅಕ್ಷರದಲ್ಲಿ ಬರೆದುಕೊಡಲು ಹೊರಟಿದ್ದ, ಅದೂ ಇವನಿಗಾಗಿ ಅರ್ಧ ತಾಸು ಕೂತು ಪೈಸೆ ಪೈಸೆ ಉಳಿಸಿಕೊಟ್ಟ ಮೇಲೆ. ನಾಚಿಕೆ ಎಂಬುದು ಮೈಮೇಲೆ ಬಿಸಿನೀರು ಸುರಿದಂತೆ ಬಂತು.

"ಬರ್ಕೊಡ್ಬೇಡ," ಎಂದ.

"ಇನ್ನೊಂದು ಸಲ ಹೇಳು."

"ಬರ್ಕೊಡ್ಬೇಡ ಅಂದೆ. ನಿನ್ನ ಕಿವಿ ಸರಿಯಾಗೇ ಇದೆ. ನಾನು ತಟ್ಟಿದ್ದೆ. ಎರಡು ಸಲ. ಕೆಂಪು ಒತ್ತದೇ ತಟ್ಟಿದ್ದೆ. ಯಾವಾಗ್ಲೂ ಹಾಗೇ ಮಾಡ್ತಿದ್ದೆ, ಹತ್ತು ಸೆಕೆಂಡ್ ಉಳಿಯುತ್ತೆ ಅಂತ. ಅವತ್ತು ಟಾರ್ಚ್ ಬಿತ್ತು. ಪೆಟ್ಟಿಗೆ ಎದ್ದ ಮೇಲೆ ಒತ್ತಿದೆ. ನನಗೆ ಎಲ್ಲ ನೆನಪಿದೆ. ಮೊದಲ ದಿನದಿಂದ್ಲೂ ನೆನಪಿದೆ."

ಟಕ್ ಎಂದು ಒಂದು ಸದ್ದಾಯಿತು. ಮೇಸ್ತ್ರಿ ಎದ್ದು ಹೋದ ಸದ್ದು. ಆಮೇಲೆ ಇನ್ನೊಂದು, ಮತ್ತೊಂದು. ಪರದೆಯ ಬದಿಯಲ್ಲಿ ಯಾರ್ಯಾರು ಇದ್ದಾರೆಂದು ತೋರಿಸುವ ಒಂಬತ್ತು ಹಸಿರು ಚುಕ್ಕೆಗಳಲ್ಲಿ ಎರಡು ಉಳಿದವು. ಬಾಗಿಲ ಬಳಿ ಅಕ್ಕ ಸೂಜಿ ಹಿಡಿದು ನಿಂತಿದ್ದಳು. ಅವಳು ಎಷ್ಟು ಹೊತ್ತಿನಿಂದ ನಿಂತಿದ್ದಳೋ ಅವನಿಗೆ ಗೊತ್ತಿಲ್ಲ.

ನಿಧಾನಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕುರ್ಚಿ ಸರಿದ ಸದ್ದು, ದೂರದಲ್ಲಿ ಯಾರನ್ನೋ ಕರೆದ ಸದ್ದು, ಆಮೇಲೆ ಅವನ ಧ್ವನಿ: "ಇವಳಿಗೆ ಹೇಳು. ನಾನು ಹೇಳಿದ್ರೆ ಇವಳೂ ನಂಬಲ್ಲ."

ಅವಸರಪ್ಪ ಅತ್ತಿಗೆಗೆ ಮೊದಲಿನಿಂದ ಎಲ್ಲವನ್ನೂ ಮತ್ತೆ ಹೇಳಿದ. ಜೀವನದಲ್ಲಿ ಮೊದಲ ಸಲ ನಿಧಾನವಾಗಿ ಹೇಳಿದ.

"ನಾನು ಬುಧವಾರ ಬರ್ತಿದ್ನಲ್ಲ," ಎಂದಳು ಕೊನೆಗೆ. "ಅವಾಗ್ಲೂ ನಿಮಗೆ ನೆನಪಿತ್ತಾ?"

"ಇತ್ತು ಅತ್ತಿಗೆ."

"ನಿಮ್ಮ ಬಟ್ಟೆ ಒಗೀತಾ ಇದ್ದಾಗ?"

"ಇತ್ತು."

ಅವಳು ಹೆಡ್‌ಫೋನನ್ನು ಮೇಜಿನ ಮೇಲಿಟ್ಟದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ನಿಧಾನಿ ಬಂದು, "ಒಂಬತ್ತಕ್ಕೆ ರೆಡಿ ಇರು, ಒಬ್ಬನೇ ಮೆಟ್ಲು ಇಳಿಯೋಕಾಗಲ್ಲ ನಿನಗೆ," ಎಂದು ಲೈನು ಕಡಿದ.

ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಬಾಗಿಲು ಬಡಿಯಿತು. ಅಕ್ಕ ತಮ್ಮನಿಗೆ ಇಸ್ತ್ರಿ ಮಾಡಿದ ಅಂಗಿ ಕೊಟ್ಟಿದ್ದಳು, ಮುಖ ಕೊಟ್ಟಿರಲಿಲ್ಲ. ನಿಧಾನಿ ತನ್ನ ಹೆಗಲನ್ನು ಇವನ ಕಂಕುಳಡಿ ಕೊಟ್ಟು, ಒಂದೊಂದೇ ಮೆಟ್ಟಿಲು, ಎಪ್ಪತ್ತೆರಡು ಮೆಟ್ಟಿಲು ಇಳಿಸಿದ. ಇಬ್ಬರ ಉಸಿರೂ ಒಂದಕ್ಕೊಂದು ತಾಗುವಷ್ಟು ಹತ್ತಿರ. ಮೂರನೇ ಮಹಡಿಯಲ್ಲಿ ಅವಸರಪ್ಪ "ನೋಡು" ಎಂದು ಶುರುಮಾಡಿದ. ನಿಧಾನಿ "ಮೆಟ್ಲು ನೋಡ್ಕೊಂಡು ಇಳಿ" ಎಂದ.

ಕಂಪನಿಯ ಮೇಲಿನ ಕೋಣೆಯಲ್ಲಿ ವಿಚಾರಣೆಯ ಅಧಿಕಾರಿ ಹಳೆಯ ಹೇಳಿಕೆಯನ್ನು ಪಕ್ಕಕ್ಕಿಟ್ಟು ಹೊಸ ಹಾಳೆ ತೆಗೆದರು. ಅವಸರಪ್ಪ ಹೇಳಿದ, ಅವರು ಬರೆದರು. ಸಂಬಳ ನಿಲ್ಲುತ್ತದೆ, ಲೈಸೆನ್ಸು ಹೋಗುತ್ತದೆ, ಗೊತ್ತು ತಾನೇ ಎಂದು ಕೇಳಿದರು. ಗೊತ್ತು ಎಂದ. "ಮತ್ತೆ ಎಂಟು ತಿಂಗಳು ಯಾಕ್ರೀ ಸುಮ್ಮನಿದ್ರಿ?"

"ಸೊಂಟ ಹೋಗಿತ್ತು ಸಾರ್. ಕೆಲಸಾನೂ ಹೋಗುತ್ತೆ ಅಂತ ಹೆದರಿಕೊಂಡೆ. ಇವನದು ಹೋದರೆ ಹೋಗಲಿ ಅಂದ್ಕೊಂಡೆ."

ಅಧಿಕಾರಿ ಅವನಿಂದ ಸಹಿ ಮಾಡಿಸಿಕೊಂಡು ನಿಧಾನಿಯ ಕಡೆ ತಿರುಗಿದರು. ಅವನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. "ನೀವೇನಾದ್ರೂ ಹೇಳೋದಿದೆಯಾ?"

ನಿಧಾನಿ ಎಂದಿನಂತೆ ಒಂದು ಉಸಿರು ಬಿಟ್ಟ. "ಮೂರು ಡಾಕ್ಟರ ಹತ್ರ ಕಿವಿ ತೋರಿಸಿದೆ ಸಾರ್. ಮೂರು ಜನಾನೂ ಸರಿಯಾಗಿದೆ ಅಂದ್ರು. ಅವರನ್ನ ನಂಬ್ಲಿಲ್ಲ ನಾನು. ಇವನನ್ನ ನಂಬಿದೆ."

ಇದನ್ನು ಬರೆಯಬೇಕೋ ಬೇಡವೋ ಎಂದು ಅಧಿಕಾರಿ ಪೆನ್ನು ಹಿಡಿದು ಒಬ್ಬರ ಮುಖದಿಂದ ಇನ್ನೊಬ್ಬರ ಮುಖ ನೋಡಿದರು.

"ಬರ್ಕೊಳ್ಳಿ ಸಾರ್," ಎಂದ ಅವಸರಪ್ಪ.